ಹೊರದೇಶದ ಕಲ್ಲು

ಅಕ್ಕನಿಗೆ,

ಕ್ಷೇಮ ಸಮಾಚಾರ ಆಮೇಲೆ. ಫೋನಿನಲ್ಲಿ ನೀನು ನನಗೆ ಬಾಯಿ ತೆರೆಯಲು ಬಿಡುವುದಿಲ್ಲ, ಅದಕ್ಕೇ ಈ ಕಾಗದ.

ಹಳೆಯ ಪ್ಲಾಸ್ಟಿಕ್ ಡಬ್ಬಿಗಳ ಮುಚ್ಚಳ ಕರಗಿಸಿ, ನೀಲಿಗೆ ಬಿಳಿ ಸೇರಿಸಿ ನಾದಿ, ಕೈ ಸುಟ್ಟುಕೊಂಡು ನಿನಗೆ ಆ ಮಣಿಸರ ಮಾಡಿಕೊಟ್ಟವಳು ನಾನು. ನೀನು ನಿಮ್ಮತ್ತೆಯ ಮುಂದೆ "ಹೊರದೇಶದ ಕಲ್ಲು ಅತ್ತೆ" ಅಂದೆಯಂತೆ! "ನನ್ನ ತಂಗಿ ಮಾಡಿದ ಪ್ಲಾಸ್ಟಿಕ್ ಮಣಿ" ಎಂದಿದ್ದರೆ ನಾಲಿಗೆ ಸವೆದುಹೋಗುತ್ತಿತ್ತೇ? ಪಾಪ, ಅವರು ನಿನ್ನ ಮಾತು ನಂಬಿ, ಇನ್ನಷ್ಟು ಹೊಳಪು ಬರಲಿ ಎಂದು ಸರವನ್ನು ಅಕ್ಕಸಾಲಿಗನಿಗೆ ಕೊಟ್ಟರು. ಅವನು ಉಜ್ಜುವ ಚಕ್ರಕ್ಕೆ ಹಿಡಿದ. ನಿನ್ನ ಕಲ್ಲು ಕರಗಿ ಚಕ್ರಕ್ಕೆ ಮೆತ್ತಿಕೊಂಡಿತು.

ಆಗಲಾದರೂ ನಿಜ ಹೇಳಿದೆಯಾ? "ಅಂಗಡಿಯವಳು ನಕಲಿ ಕೊಟ್ಟು ಮೋಸ ಮಾಡಿದಾಳೆ ಅಂದ್ಬಿಟ್ಟೆ ಕಣೇ. ಅದೇ ಥರದ್ದು ಇನ್ನೊಂದು ಬೇಗ ಮಾಡ್ಕೊಡು" ಎನ್ನುತ್ತೀಯಲ್ಲ! ಈಗ ನಾನು ಮೋಸಗಾತಿಯೂ ಆದೆ. ಅದೇ ಥರದ್ದು ಎಲ್ಲಿಂದ ತರಲಿ? ನಾದುವಾಗ ಬಣ್ಣ ಹರಿದ ಹಾಗೆ ಮಣಿಯಲ್ಲಿ ಗೆರೆ ಮೂಡುತ್ತದೆ. ಇನ್ನೊಮ್ಮೆ ಹಾಗೇ ಮೂಡು ಎಂದರೆ ಅದು ನನ್ನ ಮಾತನ್ನೂ ಕೇಳುವುದಿಲ್ಲ.

ಆದರೂ ಮಾಡಿ ಕಳುಹಿಸಿದ್ದೇನೆ, ನಿನಗೋಸ್ಕರವಲ್ಲ. ನಿಮ್ಮತ್ತೆಗೆ ಆ ಸರ ತುಂಬಾ ಹಿಡಿಸಿತ್ತಂತೆ. ಬಿಸಿಲು, ಒಲೆ, ಅಕ್ಕಸಾಲಿಗ, ಯಾವುದರ ಹತ್ತಿರವೂ ಇಡಬೇಡ. ಎಲ್ಲ ಮಣಿಗಳನ್ನೂ ಉಜ್ಜಿ ನುಣುಪು ಮಾಡಿದ್ದೇನೆ, ನಡುವಿನ ದೊಡ್ಡದೊಂದನ್ನು ಬಿಟ್ಟು. ಅದು ಮೆತ್ತಗಿರುವಾಗಲೇ ನನ್ನ ಹೆಬ್ಬೆರಳು ಒತ್ತಿದ್ದೇನೆ. ಗುರುತು ಎದ್ದು ಕಾಣುತ್ತದೆ. ಯಾವ ದೇಶದ ಕಲ್ಲು ಎಂದು ಕೇಳಿದವರಿಗೆ ಅದನ್ನು ತೋರಿಸು.

ಇಂತಿ,
ಆ ಹೊರದೇಶದಿಂದ,
ನಿನ್ನ ತಂಗಿ