ಚೀಟಿಗೆ ಬರೆಯಲಾಗದ ಹೊತ್ತು

ನಾಗಪುರ
೧೨ ಮೇ ೨೦೦೧

ಜೀವದ ಗೆಳತಿ ವಿಜಯಾ,

ನೀನು ಹುಬ್ಬಳ್ಳಿಗೆ ವರ್ಗವಾಗಿ ಹೋದಮೇಲೆ ಇಲ್ಲಿಯ ನಮ್ಮ ರೈಲ್ವೆ ಪಿಂಚಣಿ ವಿಭಾಗದಲ್ಲಿ ಜಗಳವಾಡಲು ನಾನೊಬ್ಬಳೇ ಉಳಿದಿದ್ದೇನೆ.

ಹೊಸ ಸಾಹೇಬರು ನರಹರಿ ಎಲ್ಲರ ಮೇಜಿಗೂ ವೇಳೆಚೀಟಿ ಕೊಟ್ಟಿದ್ದಾರೆ. ಅರ್ಧರ್ಧ ತಾಸಿಗೆ ಏನು ಮಾಡಿದೆವೆಂದು ಬರೆಯಬೇಕು. ಮೊದಲು ಕೂಗಾಡಿದೆ. ಆದರೆ ಸುಳ್ಳೇಕೆ, ಲಾಭವೂ ಆಯಿತು. ಬೆಳಗಿನ ಚುರುಕು ತಲೆಯನ್ನು ಚಿಲ್ಲರೆ ಪತ್ರಗಳಿಗೆ ಸುರಿಯುತ್ತಿದ್ದೆನೆಂದು ತಿಳಿಯಿತು. ಈಗ ಗಂಡ ಸತ್ತವರ ಪಿಂಚಣಿ ಮೊದಲು, ಉಳಿದದ್ದೆಲ್ಲ ಊಟವಾದಮೇಲೆ.

ಸಂಕಟ ಬೇರೆ ಕಡೆ ಇದೆ. ಹೆಂಗಸರ ಪಾಯಿಖಾನೆಗೆ ಹಳೆಯ ಕಡತ ತುಂಬಿ ಬೀಗ ಹಾಕಿದ್ದಾರಲ್ಲ, ಈ ಬಿಸಿಲಲ್ಲಿ ರಸ್ತೆ ದಾಟಿ ಆಸ್ಪತ್ರೆಯ ಆವರಣಕ್ಕೆ ಹೋಗಿ ಬರುತ್ತೇವೆ. ಆ ಹೊತ್ತನ್ನು ಚೀಟಿಗೆ ಬರೆಯಲು ನಾಚಿ ಎಲ್ಲರೂ 'ಕಡತ ಹುಡುಕಾಟ' ಎಂದು ಬರೆದೆವು. ನೀನೇ ಕೆಲಸ ಕಲಿಸಿದ ಹಂಗಾಮಿ ಹುಡುಗಿ ಶ್ರೀಲಕ್ಷ್ಮಿ ಈಗ ಬಸುರಿ. ಹೆಚ್ಚು ಸಲ ಹೋಗಬೇಕು. ತಿಂಗಳ ಚೀಟಿಗಳನ್ನು ಕೂಡಿಸಿ ಅವಳ ಹುಡುಕಾಟವೇ ಎಲ್ಲರಿಗಿಂತ ಹೆಚ್ಚೆಂದು ಕಂಡ ಸಾಹೇಬರು, ಕಡತ ಹುಡುಕಲು ಬಾರದವಳನ್ನು ಮುಂದುವರಿಸುವುದಿಲ್ಲ ಎಂದುಬಿಟ್ಟರು. ಈ ತಿಂಗಳ ಕೊನೆಗೆ ಅವಳ ನೌಕರಿ ಹೋಗುತ್ತದೆ.

ಸಂಘಕ್ಕೆ ಹೋದೆ. ನಮ್ಮೂರ ಕಡೆಯವನೇ ಆದ ಕಾರ್ಯದರ್ಶಿ ಗುರುಸಿದ್ದಪ್ಪ ಚಹಾ ಹೀರುತ್ತ, "ಅಕ್ಕಾರ, ಮೊದಲ ತುಟ್ಟಿಭತ್ಯೆ ಬರೋಬರ್ ಆಗಲಿ, ಸಂಡಾಸದ ಮಾತು ಆಮ್ಯಾಲೆ ನೋಡೂಣು" ಅಂದ. "ಹಂಗಾರ ಅಲ್ಲೀತನಕ ನೀನೂ ತಡಕೊಂಡು ಕುಂದ್ರಪ್ಪ" ಎಂದು ಎದ್ದುಬಂದೆ. ಮೆರವಣಿಗೆಯ ಮುಂದೆ ನಡೆಯಲು ಹೆಂಗಸರು ಬೇಕು, ಘೋಷಣೆ ಕೂಗಲು ಹೆಂಗಸರ ಗಂಟಲು ಬೇಕು. ಆ ಹೆಂಗಸರಿಗೂ ಉಚ್ಚೆ ಬರುತ್ತದೆಂಬುದು ಮಾತ್ರ ಇವರ ಬೇಡಿಕೆಪಟ್ಟಿಗೆ ಮೈಲಿಗೆ.

ಮರುದಿನ ನಾವೆಲ್ಲ ಚೀಟಿಯಲ್ಲಿ ನಿಜವನ್ನೇ ಬರೆದೆವು: ಉಚ್ಚೆಗೆ ಹೋಗಿದ್ದೆ, ನಮ್ಮ ಪಾಯಿಖಾನೆಗೆ ಬೀಗ. ಸಾಹೇಬರು ಮುಖ ಎತ್ತದೆ ಓದಿ, ಶ್ರೀಲಕ್ಷ್ಮಿ ತಾನೇ ಹೀಗೆ ಬರೆದುಕೊಟ್ಟರೆ ಮತ್ತೆ ಯೋಚಿಸುವೆ ಎಂದರು. ಅವಳು ಬರೆದುಕೊಡುತ್ತಾಳೆ. ಚಿಂತಿಸಬೇಡ.

ನಿನ್ನ
ರಾಗಿಣಿ

ತಾ.ಕ.: ಚಿಂತಿಸಬೇಡ ಎಂದದ್ದು ಸುಳ್ಳು, ನಾವೆಲ್ಲ ಬರೆದೆವೆಂದದ್ದೂ ಸುಳ್ಳು. ನಿಜ ಬರೆದವಳು ನಾನೊಬ್ಬಳೇ. ಶ್ರೀಲಕ್ಷ್ಮಿಯ ಮಾವ ಪಕ್ಕದ ವಿಭಾಗದಲ್ಲೇ ಕೂರುತ್ತಾರೆ. ಅವರ ಕಣ್ಣಿಗೆ ಬಿದ್ದೀತೆಂದು ಅವಳು ಇವತ್ತೂ 'ಕಡತ ಹುಡುಕಾಟ' ಎಂದೇ ಬರೆದಳು. ಹೊರಗೆ ಹೋಗುವುದು ಬೇಡವೆಂದು ನೀರು ಕುಡಿಯುವುದನ್ನೇ ಬಿಟ್ಟಿದ್ದಾಳೆ. ನನ್ನ ಬಾಯಿಗೆ ಹೆದರುತ್ತಾಳೆ, ನಿನ್ನ ಮಾತು ಕೇಳುತ್ತಾಳೆ. ಪತ್ರ ಸಿಕ್ಕ ದಿನವೇ ಕಛೇರಿಗೆ ಫೋನು ಮಾಡಿ ಅವಳನ್ನು ಕರೆಸು. ಮೊದಲು ನೀರು ಕುಡಿ ಅನ್ನು. ಬರೆಯುವ ಮಾತು ಆಮೇಲೆ.