ಅಮಲುಮುಕ್ತ ಮಹಡಿಯ ಬಾಗಿಲು ತೆಗೆದ ಅಪರಾಧಕ್ಕೆ

ನಮ್ಮ ಕಾಲೇಜಿನ ವಿದ್ಯಾರ್ಥಿ ವಸತಿ ವಿಭಾಗದ ಮುಖ್ಯಸ್ಥರ ಸನ್ನಿಧಾನಕ್ಕೆ,

ಮಾನ್ಯರೇ,

ಮುಂದಿನ ವರ್ಷ ಅಮಲುಮುಕ್ತ ಮಹಡಿಯಲ್ಲಿ ವಾಸಿಸಲು ನನಗೆ ಮನಸ್ಸಿದೆಯೇ ಎಂದು ತಮ್ಮ ಕಚೇರಿ ಮೊನ್ನೆ ಕೇಳಿದೆ. ಜೊತೆಗೊಂದು ನಗುಮುಖದ ಚಿತ್ರ ಬೇರೆ. ಕಳೆದ ನವೆಂಬರಿನಲ್ಲಿ ಅದೇ ಮಹಡಿಯಿಂದ ನನ್ನನ್ನು ಹೊರಹಾಕಿದವರು ತಾವೇ ಎಂಬುದು ತಮಗೆ ನೆನಪಿದ್ದಂತಿಲ್ಲ. ಹುಟ್ಟಿದಾಗಿನಿಂದ ಒಂದು ತೊಟ್ಟೂ ಬಾಯಿಗಿಡದವಳನ್ನು ಕುಡಿತದ ಕಾರಣಕ್ಕೆ ಹೊರದಬ್ಬಿದ ಕೀರ್ತಿ ತಮಗೆ ಸಲ್ಲಲೇಬೇಕು. ಸಲ್ಲಲಿ ಎಂದೇ ಈ ಪತ್ರವನ್ನು ವಿದ್ಯಾರ್ಥಿಗಳ ಪತ್ರಿಕೆಗೆ ಕೊಡುತ್ತಿದ್ದೇನೆ. ನಾಲ್ಕು ಜನ ಓದಲಿ.

ನಾನು ಬೆಳೆದದ್ದು ಉತ್ತರ ವಿಸ್ಕಾನ್ಸಿನ್ನಿನ ಒಂದು ಸಣ್ಣ ಊರಿನಲ್ಲಿ, ಅಮ್ಮ ನಡೆಸುವ ಬಾರಿನ ಮೇಲಿನ ಮನೆಯಲ್ಲಿ. ಶುಕ್ರವಾರವಾದರೆ ಕರಿದ ಮೀನು, ಬ್ರಾಂದಿ. ಜಿಂಕೆ ಬೇಟೆಯ ಕಾಲ ಬಂದರೆ ಕಿತ್ತಳೆ ಬಣ್ಣದ ಕೋಟಿನ ಬೇಟೆಗಾರರ ಗದ್ದಲ. ನನ್ನ ಶಾಲೆಯ ಸ್ವೆಟರಿಗೂ ಬಿಯರಿನ ವಾಸನೆ ಇರುತ್ತಿತ್ತು. ಆ ಬಾರನ್ನು ಬೈಯುವಷ್ಟು ಕೃತಘ್ನಳು ನಾನಲ್ಲ, ನನ್ನ ಹಲ್ಲಿಗೆ ತಂತಿ ಕಟ್ಟಿಸಿದ್ದು ಅದೇ ಬಾರು. ಆದರೆ ಸಾಕಾಗಿತ್ತು ಸ್ವಾಮಿ, ನಿಜವಾಗಿಯೂ ಸಾಕಾಗಿತ್ತು. ಎರಡನೇ ವರ್ಷಕ್ಕೆ, ಕುಡಿಯುವುದಿಲ್ಲ, ಕುಡಿದವರನ್ನು ಒಳಗೆ ತರುವುದಿಲ್ಲ ಎಂಬ ಪ್ರತಿಜ್ಞೆಗೆ ಸಹಿ ಹಾಕಿ ಅಮಲುಮುಕ್ತ ಮಹಡಿ ಆರಿಸಿಕೊಂಡಾಗ ನನ್ನ ಪ್ರಯೋಗಾಲಯದ ಜೊತೆಗಾತಿ ಬ್ರಿನ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. "ಅಯ್ಯೋ ಪಾಪ, ಸನ್ಯಾಸಿನಿಯರ ಕಾನ್ವೆಂಟ್ ಸೇರ್ಕೊಂಡ್ಯೇನೇ? ತಲೆಗೆ ಬಟ್ಟೆ ಯಾವಾಗ ಸುತ್ಕೊಳ್ತೀಯಾ?" ನಗಲಿ ಬಿಡಿ. ಭಾನುವಾರ ಬೆಳಿಗ್ಗೆ ಎದ್ದರೆ ಕಾರಿಡಾರಿನಲ್ಲಿ ಸೋಪಿನ ವಾಸನೆ ಬರುತ್ತಿತ್ತು. ಯಾರೋ ದೋಸೆಯಗಲದ ಪ್ಯಾನ್‌ಕೇಕ್ ಸುಡುತ್ತಿದ್ದರು, ಇನ್ಯಾರೋ ಇಸ್ಪೀಟು ಕಲೆಸುತ್ತಿದ್ದರು. ನನಗೆ ಬೇಕಾಗಿದ್ದದ್ದು ಅಷ್ಟೇ.

ನವೆಂಬರಿನ ಆ ಶನಿವಾರ ಫುಟ್‌ಬಾಲ್ ಪಂದ್ಯವಿತ್ತು. ಮಧ್ಯಾಹ್ನಕ್ಕೇ ಅರ್ಧ ಕಾಲೇಜು ತೂರಾಡುತ್ತಿತ್ತು, ಹಿಮ ಬೀಳುತ್ತಿತ್ತು. ಊಟ ಮುಗಿಸಿ ಬಂದರೆ ನಮ್ಮ ಮಹಡಿಗೆಂದೇ ಇರುವ ಹೊರಬಾಗಿಲಿನ ಮೆಟ್ಟಿಲ ಮೇಲೆ ಬ್ರಿನ್ ಕೂತಿದ್ದಾಳೆ. ಮೈಮೇಲೆ ಕೋಟಿಲ್ಲ, ಒಂದು ಕಾಲಿನಲ್ಲಿ ಬೂಟಿಲ್ಲ.

"ಏನೇ ಇದು? ಕೋಟೆಲ್ಲಿ ಹಾಳು ಮಾಡ್ಕೊಂಡೆ?"

"ಶ್... ಯಾರಿಗೂ ಹೇಳ್ಬೇಡ ಕಣೇ. ನಂಗಿನ್ನೂ ಹತ್ತೊಂಬತ್ತು, ಕುಡಿಯೋಕೆ ಇಪ್ಪತ್ತೊಂದಾಗ್ಬೇಕು," ಎಂದು ಕಿಸಕ್ಕನೆ ನಕ್ಕವಳು ಹಾಗೇ ಪಕ್ಕಕ್ಕೆ ವಾಲಿದಳು. ತುಟಿ ನೀಲಿಗಟ್ಟಿತ್ತು.

ಅಮ್ಮ ತನ್ನ ಬಾರಿನಿಂದ ಕುಡಿದವರನ್ನು ಹಿಮದೊಳಕ್ಕೆ ಬಿಡುವುದಿಲ್ಲ. ಕಾರಿನ ಕೀಲಿ ಕಿತ್ತುಕೊಂಡು, ಹೀಟರಿನ ಪಕ್ಕದ ಬೆಂಚಿನಲ್ಲಿ ಕೂರಿಸಿ, ಮನೆಯವರಿಗೆ ಫೋನು ಮಾಡುತ್ತಾಳೆ. ನನಗೆ ಗೊತ್ತಿದ್ದದ್ದೂ ಅದೇ. ಬಾಗಿಲು ತೆಗೆದು ಬ್ರಿನ್‌ಳನ್ನು ದರದರ ಎಳೆದುಕೊಂಡು ಹೋಗಿ ನನ್ನ ಕೋಣೆಯಲ್ಲಿ ಮಗ್ಗುಲಾಗಿ ಮಲಗಿಸಿದೆ, ಆಂಬುಲೆನ್ಸಿಗೆ ಫೋನು ಮಾಡಿದೆ. ಮಹಡಿಯ ಉಸ್ತುವಾರಿಯ ವಿದ್ಯಾರ್ಥಿ ಡೆಸ್ಮಂಡ್ ಬಾಗಿಲಲ್ಲಿ ಬಂದು ನಿಂತ.

"ಥೀಡಾ, ಕುಡಿದೋರನ್ನ ಇಲ್ಲಿಗೆ ತರೋ ಹಾಗಿಲ್ಲ. ಪ್ರತಿಜ್ಞೆ ಮರೆತ್ಯಾ?"

"ಹಾಗಾದ್ರೆ ನೀನೇ ಎತ್ಕೊಂಡು ಹೋಗಿ ಹಿಮದಲ್ಲಿ ಹಾಕಿ ಬಾ."

ಅವನು ಹೋಗಿ ಬ್ರಿನ್‌ಳ ವಾಂತಿಗೆ ಬಕೆಟ್ ತಂದ. ಒಳ್ಳೆಯ ಹುಡುಗನೇ.

ಮುಂದಿನದ್ದು ತಮಗೆ ಗೊತ್ತು. ಚಿಕಿತ್ಸೆ ಪಡೆದವರಿಗೆ ಶಿಕ್ಷೆಯಿಲ್ಲ ಎಂಬ ನಿಯಮದಂತೆ ಬ್ರಿನ್‌ಗೆ ಕ್ಷಮೆ ಸಿಕ್ಕಿತು. ಸಿಗಲೇಬೇಕಿತ್ತು, ಆ ನಿಯಮ ಚೆನ್ನಾಗಿದೆ. ಸಹಾಯಕ್ಕೆ ಕರೆ ಮಾಡಿದವರೂ ಕುಡಿದಿದ್ದರೆ ಅವರಿಗೂ ಕ್ಷಮೆ ಉಂಟು. ನಾನು ಕುಡಿದಿರಲಿಲ್ಲವಾದ್ದರಿಂದ ನನ್ನಲ್ಲಿ ಕ್ಷಮಿಸುವಂಥದ್ದು ತಮಗೆ ಏನೂ ಸಿಗಲಿಲ್ಲ! ಉಳಿದದ್ದು ಪ್ರತಿಜ್ಞಾಭಂಗವೊಂದೇ. ತಮ್ಮ ಕೋಣೆಯಲ್ಲಿ ನಡೆದ ಮಾತು ನನಗೆ ಬಾಯಿಪಾಠವಾಗಿದೆ.

"ನೋಡಮ್ಮಾ, ನಿನ್ನ ಮನಸ್ಸು ಒಳ್ಳೇದು, ಇಲ್ಲ ಅನ್ನಲ್ಲ. ಆದ್ರೆ ನಿಯಮಕ್ಕೆ ನೀನೇ ಒಪ್ಕೊಂಡಿದೀಯಲ್ಲ?"

"ಹೊರಗೆ ಹಿಮ ಬೀಳ್ತಿತ್ತು ಸಾರ್."

"ಮೆಟ್ಟಿಲ ಹತ್ರಾನೇ ಆಂಬುಲೆನ್ಸಿಗೆ ಕಾಯಬಹುದಿತ್ತಲ್ಲ?"

ಕಾಯಬಹುದಿತ್ತು. ಬೆಚ್ಚಗಿನ ಕೋಣೆಯಲ್ಲಿ ಕಾಫಿ ಕುಡಿಯುತ್ತಾ ಹೇಳುವುದಕ್ಕೆ ಎಷ್ಟು ಸಲೀಸಾದ ಮಾತು ಅದು! ತಾವು ಎಂದಾದರೂ ಕೋಟಿಲ್ಲದೆ ಆ ಮೆಟ್ಟಿಲ ಮೇಲೆ ಕೂತು ನೋಡಿದ್ದೀರಾ?

ದೂರು ಕೊಟ್ಟವಳ ಮೇಲೆ ನನಗೆ ಸಿಟ್ಟಿಲ್ಲ. ಎದುರು ಕೋಣೆಯ ಆ ಹುಡುಗಿ ತಾನೇ ಬಂದು ಅಳುತ್ತಾ ಹೇಳಿದಳು: "ನಮ್ಮಪ್ಪ ದಿನಾ ವಾಂತಿ ಮಾಡ್ಕೊಳ್ತಿದ್ದ ಸದ್ದು ಅದು ಥೀಡಾ. ಮತ್ತೆ ಅದನ್ನ ಕೇಳಬಾರದು ಅಂತಾನೇ ನಾನು ಇಲ್ಲಿಗೆ ಬಂದಿದ್ದು." ಆ ಸದ್ದು ಬೇಡವೆಂದೇ ನಾನೂ ಬಂದಿದ್ದೆ. ಆದರೆ ಅವಳು ಕೇಳಿದ್ದು ಅವತ್ತೊಂದು ದಿನ ಮಲಗಲು ಬೇರೆ ಕೋಣೆ. ತಾವು ಕೊಟ್ಟದ್ದು ನನ್ನ ಗಡೀಪಾರು.

ಎಲ್ಲಿಗೆ? ಖಾಲಿಯಿದ್ದ ಒಂದೇ ಹಾಸಿಗೆಗೆ, ಕಾಲೇಜಿನಲ್ಲೇ ಹೆಸರುವಾಸಿಯಾದ ಪಾರ್ಟಿ ಕಟ್ಟಡದ ನೆಲಮಾಳಿಗೆಗೆ. ನನ್ನ ಬಾಗಿಲೆದುರೇ ಉದ್ದನೆಯ ಮೇಜು, ಅದರ ಮೇಲೆ ಬಿಯರಿನ ಲೋಟಗಳು, ಅವುಗಳಿಗೆ ಚೆಂಡೆಸೆದು ಕುಡಿಯುವ ಆಟ. ಅಂಟುವ ನೆಲದ ಮೇಲೆ ಚಪ್ಪಲಿ ಪಚಪಚ ಎನ್ನುತ್ತದೆ. ಅಮ್ಮ ಫೋನಿನಲ್ಲಿ ಮೊದಲು ನಕ್ಕಳು: "ಬಾರ್ ಮೇಲೆ ಇರಲ್ಲ ಅಂತ ಹೋದೋಳು ಬಾರ್ ಕೆಳಗೇ ಹೋಗಿ ಬಿದ್ದೆಯಲ್ಲೇ!" ಆಮೇಲೆ ಅವಳ ದನಿ ಇಳಿಯಿತು. "ವಾಪಸ್ ಬಂದ್ಬಿಡ್ತೀಯಾ ಮಗಾ?" ಫೋನು ಹಿಡಿದುಕೊಂಡೇ ಅತ್ತುಬಿಟ್ಟೆ. ಇದೂ ತಮಗೆ ತಿಳಿದಿರಲಿ.

ಫೆಬ್ರವರಿಯಲ್ಲಿ ಒಂದು ಸಂಜೆ ಡೆಸ್ಮಂಡ್ ಫೋನು ಮಾಡಿದ.

"ಥೀಡಾ, ಸ್ವಲ್ಪ ಬೇಗ ಬರ್ತೀಯಾ? ನಮ್ಮ ಮೆಟ್ಟಿಲ ಮೇಲೆ ಯಾರೋ ಹುಡುಗ ಕುಡಿದು ಬಿದ್ದಿದಾನೆ. ಆಂಬುಲೆನ್ಸ್ ಇನ್ನೂ ಬಂದಿಲ್ಲ."

"ಒಳಗೆ ಕರ್ಕೊಳ್ಳೋ ಮೊದ್ಲು!"

"ನಾವು ಕರ್ಕೊಂಡ್ರೆ ನಮ್ಮ ರೂಮ್ ಹೋಗುತ್ತೆ. ನಿಂದು ಹೆಂಗಿದ್ರೂ ಹೋಗಿದೆಯಲ್ಲ..."

ಓಡಿದೆ. ಕಿಟಕಿಗಳ ತುಂಬ ಮುಖಗಳಿದ್ದವು. ನನ್ನ ಜೊತೆ ಪ್ಯಾನ್‌ಕೇಕ್ ತಿಂದವರ ಮುಖಗಳೇ. ಮೇಲಿನಿಂದ ಎರಡು ಕಂಬಳಿ ಎಸೆದಿದ್ದರು, ಒಂದು ಅವನ ಮೇಲೆ ಬಿದ್ದಿತ್ತು, ಇನ್ನೊಂದು ಪೊದೆಯ ಮೇಲೆ. ನನ್ನ ಕಾರ್ಡಿಗೆ ಆ ಬಾಗಿಲು ಈಗ ತೆರೆಯುವುದಿಲ್ಲ. ಗುದ್ದಿದೆ, ಕೂಗಿದೆ. ಬಾಗಿಲು ತೆಗೆದವರ ಕೋಣೆಯೂ ಹೋಗುತ್ತದೆಂದು ಒಳಗೆ ನಿಂತವರು ನೆಲ ನೋಡಿದರು. ಆಂಬುಲೆನ್ಸ್ ಬರುವವರೆಗೆ ಆ ಅಪರಿಚಿತನ ಕೈಗಳನ್ನು ನನ್ನ ಕಂಕುಳಲ್ಲಿಟ್ಟುಕೊಂಡು ಕೂತಿದ್ದೆ. ಅವನ ಎರಡು ಬೆರಳುಗಳಿಗೆ ಇನ್ನೂ ಸ್ಪರ್ಶ ಬಂದಿಲ್ಲವಂತೆ. ಮಾನ್ಯರೇ, ಒಳಗಿದ್ದವರು ಕೆಟ್ಟ ಮಕ್ಕಳಲ್ಲ. ನನ್ನ ಗತಿ ನೋಡಿ ಪಾಠ ಕಲಿತವರು, ಅಷ್ಟೇ. ತಮಗೆ ಬೇಕಾಗಿದ್ದ ಶಿಸ್ತು ಇದೇ ಏನು?

ಈಗ ತಮ್ಮ ಪ್ರಶ್ನೆ. ಬ್ರಿನ್ ತನ್ನೊಡನೆ ಊರೊಳಗಿನ ಬಾಡಿಗೆ ಮನೆಗೆ ಕರೆಯುತ್ತಿದ್ದಾಳೆ. ಅಮ್ಮ ಮನೆಗೇ ಕರೆಯುತ್ತಿದ್ದಾಳೆ. ಎರಡು ದಿನ ಯೋಚಿಸಿದೆ, ತಮ್ಮ ಮುಖಕ್ಕೆ 'ಬೇಡ' ಎಂದು ಬರೆದು ಎಸೆಯುವ ಆಸೆಯೂ ಆಯಿತು. ಆದರೆ ನನಗೆ ಆ ಮಹಡಿ ಬೇಕು. ಆ ಸೋಪಿನ ವಾಸನೆ ಬೇಕು. ಹಾಗಾಗಿ ನನ್ನ ಉತ್ತರ: ಹೌದು.

ನನ್ನ ಬೇಡಿಕೆ ಒಂದೇ. ಚಳಿಗೆ ಬಿದ್ದವರನ್ನು ಒಳಗೆ ತಂದವರ ಕೋಣೆ ಹೋಗುವುದಿಲ್ಲ ಎಂದು ಪ್ರತಿಜ್ಞೆಗೆ ಒಂದು ಸಾಲು ಸೇರಿಸಿ. ಎದುರು ಕೋಣೆಯ ಹುಡುಗಿಗೆ ಸದ್ದು ಕೇಳದಂತೆ, ಕೆಳಗೆ ಬಾಗಿಲ ಬಳಿ ಒಂದು ಬೆಚ್ಚಗಿನ ಕೋಣೆ ಬಿಡಿಸಿಕೊಡಿ, ಹೀಟರಿನ ಪಕ್ಕ ಒಂದು ಬೆಂಚು ಹಾಕಿಸಿ. ಬೆಂಚು ಅಮ್ಮನೇ ಕಳಿಸಿಕೊಡುತ್ತಾಳಂತೆ.

ಸೇರಿಸದಿದ್ದರೂ ನಾನು ಬರುತ್ತೇನೆ. ಬಾಗಿಲಿಗೆ ಹತ್ತಿರದ ಕೋಣೆ ಕೊಡಿ. ಮತ್ತೆ ಯಾರಾದರೂ ಆ ಮೆಟ್ಟಿಲ ಮೇಲೆ ಬಿದ್ದರೆ ಬಾಗಿಲು ತೆಗೆಯುತ್ತೇನೆ, ಈಗಲೇ ಹೇಳಿದ್ದೇನೆ. ನನ್ನ ಪೆಟ್ಟಿಗೆಗಳನ್ನು ಬಿಚ್ಚದೆ ಹಾಗೇ ಇಟ್ಟುಕೊಂಡಿರುತ್ತೇನೆ, ಹೊರಹಾಕುವಾಗ ತಮಗೆ ತೊಂದರೆಯಾಗಬಾರದು ನೋಡಿ.

ಇಂತಿ,
ತಮ್ಮ ಕ್ಷಮೆಗೆ ಸಾಕಾಗುವಷ್ಟೂ ಕುಡಿಯದೆ ಹೋದ
ಥೀಡಾ ಕ್ರೂಗರ್
ಎರಡನೇ ವರ್ಷ, ಸದ್ಯಕ್ಕೆ ನೆಲಮಾಳಿಗೆ