ಸಾಲಕ್ಕಾಗಿ ಸತ್ತವರು

ಸಿಸಾಕ್
ನವೆಂಬರ್ 10, 2019

ಪ್ರೀತಿಯ ಯಾಗೊದಾ,

ಹೇಗಿದ್ದೀಯ ಎಂದು ಕೇಳಿ ಪತ್ರ ಶುರುಮಾಡುವುದು ವಾಡಿಕೆ. ನಾನು ಮೊದಲು ಕೇಳಬೇಕಾಗಿರುವುದು, ಇದ್ದೀಯಾ ಎಂದು. ಸ್ಮಶಾನದ ದೊಡ್ಡ ಶಿಲುಬೆಯ ಬುಡದಲ್ಲಿ, ದೂರದೂರಿನಲ್ಲಿ ಮಣ್ಣಾದವರಿಗಾಗಿ ಎಲ್ಲರೂ ದೀಪ ಹಚ್ಚುವ ಜಾಗದಲ್ಲಿ, ಕಳೆದೆರಡು ವರ್ಷ ಸರ್ವಸಂತರ ಹಬ್ಬದ ದಿನ ನಿನ್ನ ಹೆಸರಿನಲ್ಲೂ ಒಂದು ಕೆಂಪು ದೀಪ ಹಚ್ಚಿದ್ದೇನೆ. ಈ ವರ್ಷವೂ ಬಗ್ಗಿ ಕಡ್ಡಿ ಗೀರುತ್ತಿದ್ದೆ. ನಿನ್ನ ಚಿಕ್ಕಮ್ಮ ಕಾತಾ ಹಿಂದಿನಿಂದ ಬಂದು, "ಇದ್ಯಾರಿಗೆ ಮಗಳೇ? ನಿನ್ನ ಗಂಡ ಮಿಯೊನ ಗೋರಿ ಆ ಕಡೆ ಅಲ್ವಾ?" ಎಂದರು. ಯಾಗೊದಾಳಿಗೆ ಎಂದೆ. ಆಕೆ ನನ್ನ ಮುಖವನ್ನೇ ನೋಡಿದರು.

"ಯಾವ ಯಾಗೊದಾ? ನಮ್ಮ ಯಾಗೊದಾನಾ? ಅವಳಿಗೇನಾಗಿದೆ ಧಾಡಿ? ಹೋದ ವಾರ ತಾನೇ ಆಸ್ಟ್ರಿಯಾದ ಲಿಂಟ್ಸ್‌ನಿಂದ ಫೋನ್ ಮಾಡಿದ್ಲು. ಅಮ್ಮನ ಗೋರಿಗೆ ಬಿಳಿ ಸೇವಂತಿಗೇನೇ ಇಡು, ಹಳದಿ ಬೇಡ ಅಂತ."

ಕಡ್ಡಿ ಉರಿದು ಬೆರಳಿಗೆ ಬಂದದ್ದು ನನಗೆ ತಿಳಿಯಲೇ ಇಲ್ಲ.

ನಿನ್ನ ವಿಳಾಸ ಕೊಡಲು ಆಕೆ ಒಪ್ಪಲಿಲ್ಲ. ಬ್ಯಾಂಕಿನವರಿಗೆ ಕೊಟ್ಟುಬಿಟ್ಟರೆ ಎಂಬ ಹೆದರಿಕೆ. ಮಿಯೊನ ಗೋರಿಯ ಮೇಲೆ ಕೈಯಿಟ್ಟು ಮಾತು ಕೊಟ್ಟ ಮೇಲೆ ಹೇಳಿದರು. ಅಲ್ಲಿ ವೃದ್ಧಾಶ್ರಮದಲ್ಲಿ ಕೆಲಸವಂತೆ, ಮುದುಕರನ್ನು ಎತ್ತಿ ಮಲಗಿಸಿ ನಿನಗೆ ಸೊಂಟನೋವಂತೆ. ಕೇಳಿ ಸಂತೋಷವಾಯಿತು. ಸ್ಮಶಾನದ ಗೇಟು ದಾಟುವಷ್ಟರಲ್ಲಿ ಸಿಟ್ಟು ಬಂತು. ಎರಡೂ ಇನ್ನೂ ಹೋಗಿಲ್ಲ. ಈ ಪತ್ರ ಒಂದೇ ದಾರಿಯಲ್ಲಿ ನಡೆಯದಿದ್ದರೆ ಅದಕ್ಕೇ ಎಂದು ತಿಳಿ.

ಲಾರಿಯ ಸಾಲದ ಕಥೆ ನಿನಗೆ ಗೊತ್ತಿದ್ದದ್ದೇ. ನಿನ್ನ ಗಂಡ ವಿಂಕೊ ನಮ್ಮ ಮದುವೆಗೆ ಸಾಕ್ಷಿ ನಿಂತ ಕುಮ್. ನೀನು ನಮ್ಮ ದೂನ್ಯಾಳನ್ನು ಜ್ಞಾನಸ್ನಾನಕ್ಕೆ ಎತ್ತಿ ಹಿಡಿದ ಕುಮಾ. ಕುಮ್, ಕುಮಾ ಎಂದೇ ಒಬ್ಬರನ್ನೊಬ್ಬರು ಕರೆಯುತ್ತಿದ್ದ ನಮಗೆ ಒಡಹುಟ್ಟಿದವರ ಜೊತೆಗೂ ಅಷ್ಟು ಸಲಿಗೆ ಇರಲಿಲ್ಲ. ಅವನು ಲಾರಿಗೆ ಸಾಲ ತೆಗೆಯುವಾಗ ಜಾಮೀನಿಗೆ ಮಿಯೊ ಸಹಿ ಹಾಕದೆ ಇನ್ಯಾರು ಹಾಕಬೇಕಿತ್ತು? ವಿಂಕೊನ ಜೊತೆ ನೀನೂ ಸಹಿ ಹಾಕಿ ಬಂದ ಮೇಲೆ, ಗಂಡಸರಿಬ್ಬರೂ ಇನ್ನೂ ಬ್ಯಾಂಕಿನಲ್ಲಿದ್ದಾಗ ನಾವಿಬ್ಬರೂ ಎದುರಿನ ಅಂಗಡಿಯಲ್ಲಿ ಕೆನೆಯ ಕೇಕ್ ತಿನ್ನುತ್ತಾ ಲಾರಿಗೆ ಯಾವ ಬಣ್ಣ ಎಂದು ವಾದ ಮಾಡುತ್ತಿದ್ದೆವು. ಆಮೇಲೆ ಬಾಡಿಗೆ ಸಿಗದೆ ಲಾರಿ ಅಂಗಳದಲ್ಲೇ ನಿಂತಾಗಲೂ ನನಗೆ ಭಯವಾಗಿರಲಿಲ್ಲ. ಒಂದು ಭಾನುವಾರ ಸಾರಿನ ಪಾತ್ರೆ ಹಿಡಿದು ನಿಮ್ಮ ಮನೆಗೆ ಬಂದೆ. ಕಿಟಕಿಗಳಿಗೆ ಪರದೆ ಇರಲಿಲ್ಲ. ಒಳಗೆ ನೋಡಿದರೆ ಗೋಡೆಯ ಮೇಲೆ ಕಪಾಟು ಇದ್ದ ಜಾಗ ಮಾತ್ರ ಬೆಳ್ಳಗೆ ಕಾಣುತ್ತಿತ್ತು.

ಅಲ್ಲಿಂದ ಮುಂದಿನದು ನಿನಗೆ ತಿಳಿದಿಲ್ಲ.

ಬ್ಯಾಂಕು ಓಡಿಹೋದವರನ್ನು ಬಿಟ್ಟು ಊರಲ್ಲಿ ಉಳಿದವರನ್ನು ಹಿಡಿಯಿತು. ಮಿಯೊನ ಖಾತೆಗೆ ತಡೆ ಬಿತ್ತು. ಉಕ್ಕಿನ ಕಾರ್ಖಾನೆಯ ಸಂಬಳದ ಒಂದು ಪಾಲು ಅವನ ಕೈಗೆ ಬರುವ ಮೊದಲೇ ಕತ್ತರಿಸಿ ಹೋಗುತ್ತಿತ್ತು. ಬಡ್ಡಿ ಬೆಳೆಯುವ ವೇಗಕ್ಕೆ ಅದು ಸಾಲುತ್ತಿರಲಿಲ್ಲ. ನ್ಯಾಯಾಲಯದ ನೀಲಿ ಲಕೋಟೆಗಳನ್ನು ಮಿಯೊ ಒಡೆಯುತ್ತಲೇ ಇರಲಿಲ್ಲ, ಬ್ರೆಡ್ಡಿನ ಡಬ್ಬಿಯ ಹಿಂದೆ ಒತ್ತಿಡುತ್ತಿದ್ದ. ಸಾಲದ ಮಾತು ಪಕ್ಕದ ಮನೆಗೆ ಕೇಳಬಾರದೆಂದು ಮೊದಮೊದಲು ಪಿಸುಗುಟ್ಟುತ್ತಿದ್ದೆವು. ಬರುಬರುತ್ತಾ ಉಪ್ಪು ಕೊಡು ಎನ್ನುವುದೂ ಪಿಸುಮಾತಿನಲ್ಲೇ ಆಯಿತು. ದೂನ್ಯಾ ಈಗ ಝಾಗ್ರೆಬ್‌ನಲ್ಲಿ ನರ್ಸ್. ಸ್ವಲ್ಪ ಜೋರಾಗಿ ಹೇಳಿ ಸಿಸ್ಟರ್, ಎಂದು ರೋಗಿಗಳು ದಿನವೂ ಅನ್ನುತ್ತಾರಂತೆ. ನೀನು ಎತ್ತಿ ಹಿಡಿದಾಗ ಇಡೀ ಚರ್ಚು ಕೇಳುವ ಹಾಗೆ ಕಿರುಚಿದ ಮಗು ಅದು.

2014ರ ಮಾರ್ಚಿನಲ್ಲಿ, ಕೆಲಸಕ್ಕೆ ಹೊರಟ ಮಿಯೊ ಬೂಟಿನ ಲಾಡಿ ಕಟ್ಟಲು ಬಗ್ಗಿದವನು ಏಳಲಿಲ್ಲ. ಅಷ್ಟು ವರ್ಷದಲ್ಲಿ ವಿಂಕೊನನ್ನು ಒಂದು ಸಲವೂ ಬೈದಿರಲಿಲ್ಲ. ನಾನು ಬೈದರೆ ತಟ್ಟೆ ಬಿಟ್ಟು ಎದ್ದು ಹೋಗುತ್ತಿದ್ದ.

ಸತ್ತ ಮೇಲೆ ಅವನು ನನ್ನ ಜೊತೆ ಅಂಗಡಿಗೆ ಬರತೊಡಗಿದ. ನಗಬೇಡ. ಬೆಣ್ಣೆ ಕೈಗೆತ್ತಿಕೊಂಡರೆ ಎಡಗಿವಿಯ ಹತ್ತಿರ, "ಅಲ್ಲೇ ಇಡು, ನೆವೆಂಕಾ" ಎನ್ನುತ್ತಾನೆ. ಅದೇ ಪಿಸುದನಿ. ನಾನು ಇಟ್ಟುಬಿಡುತ್ತೇನೆ. ಒಮ್ಮೆ ಹಟ ಮಾಡಿ ಕೊಂಡು ಮನೆಗೆ ತಂದೆ, ತಿನ್ನಲು ಆಗಲಿಲ್ಲ, ಹಳಸಿತು.

ಮನೆಯಲ್ಲಿ ಅವನ ಪಾಲು ನನಗೆ ಬಂದಾಗ ಅವನ ಜಾಮೀನೂ ಅದರ ಹಿಂದೆಯೇ ಬಂತು. ಮನೆ ಹರಾಜಿಗೆ ಬರುವುದರಲ್ಲಿತ್ತು. ಆಗ ನನ್ನ ಜೊತೆ ಆಸ್ಪತ್ರೆಯ ಬಟ್ಟೆ ಒಗೆಯುವ ಬಾರಾ, ಅವಳೂ ಖಾತೆಗೆ ತಡೆ ಬಿದ್ದವಳೇ, ನನ್ನನ್ನು ಗುರುವಾರದ ಕೂಟಕ್ಕೆ ಎಳೆದುಕೊಂಡು ಹೋದಳು. ಅಗ್ನಿಶಾಮಕ ದಳದ ಸಭಾಂಗಣದ ಹಾಲ್ ನೆನಪಿದೆಯಲ್ಲ, ನಾವು ಕುಣಿಯಲು ಹೋಗುತ್ತಿದ್ದದ್ದು? ಅಲ್ಲೇ ಸಂಜೆ ಸಾಲಗಾರರು ಸೇರುತ್ತಾರೆ. ನಡೆಸುವವನು ಪಾವೊ ಎಂಬ ಕಟುಕ, ಎರಡು ಮಾಂಸದಂಗಡಿ ಇಟ್ಟು ಎರಡನ್ನೂ ಕಳೆದುಕೊಂಡವನು. ಅಲ್ಲಿ ಒಂದು ಕಟ್ಟಳೆ: ನೀಲಿ ಲಕೋಟೆ ಬಂದರೆ ಯಾರೂ ಒಬ್ಬರೇ ಒಡೆಯುವಂತಿಲ್ಲ, ಕೂಟಕ್ಕೆ ತರಬೇಕು. ಬ್ರೆಡ್ಡಿನ ಡಬ್ಬಿಯ ಹಿಂದಿದ್ದದ್ದನ್ನೆಲ್ಲ ಚೀಲಕ್ಕೆ ತುಂಬಿ ಒಯ್ದೆ. ಪಾವೊ ಮೂಳೆ ಬಿಡಿಸುವ ಸಣ್ಣ ಚಾಕು ತೆಗೆದು ಒಂದೊಂದಾಗಿ ಸೀಳಿದ. "ಹಂದಿಗಿಂತ ಸುಲಭ ಕಣಮ್ಮಾ, ಇದು ಒದೆಯಲ್ಲ" ಎಂದ. ಮಿಯೊ ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು.

ತಿಂಗಳಿಗೊಮ್ಮೆ ಬರುವ ಲಾಯರಮ್ಮ ಬ್ಯಾಂಕಿನ ಜೊತೆ ಮಾತಾಡಿ ಕಂತು ಗೊತ್ತುಮಾಡಿಸಿದರು. ಅದು ಮುಗಿಯುವಾಗ ನನಗೆ ಅರವತ್ತೆರಡಾಗಿರುತ್ತದೆ. ಬೆನ್ನುಬೆನ್ನಿಗೆ ಎರಡು ಕಂತು ತಪ್ಪಿದರೆ ಮನೆ ಹೋಗುತ್ತದೆ. ಕೂಟದಲ್ಲಿ ಯಾರೂ ಯಾರಿಗೂ ದುಡ್ಡು ಕೊಡುವಂತಿಲ್ಲ. ಆಲೂಗಡ್ಡೆ ಕೊಡಬಹುದು, ಸೌದೆ ಕೊಡಬಹುದು, ಬ್ಯಾಂಕಿಗೆ ಜೊತೆಗೆ ಬಂದು ಪಕ್ಕದ ಕುರ್ಚಿಯಲ್ಲಿ ಕೂರಬಹುದು. ಯಾಗೊದಾ, ಆ ಪಕ್ಕದ ಕುರ್ಚಿಯಲ್ಲಿ ಯಾರಾದರೂ ಇದ್ದರೆ ಎಷ್ಟು ಧೈರ್ಯ ಎಂಬುದು ಒಂಟಿಯಾಗಿ ಕೂತವರಿಗೆ ಮಾತ್ರ ಗೊತ್ತು.

2017ರ ಶರತ್ಕಾಲದಲ್ಲಿ ಕೂಟಕ್ಕೆ ಒಬ್ಬ ಹೊಸಬ ಬಂದು ಹಿಂದಿನ ಸಾಲಿನಲ್ಲಿ ಕೂತ. ಟೊಪ್ಪಿ ಕೈಯಲ್ಲಿ ಹಿಂಡುತ್ತಾ ಎದ್ದು ನಿಂತ. "ನನ್ನ ಹೆಸರು ವಿಂಕೊ. ಲಾರಿ ಇತ್ತು. ಈಗ ಮಾರ್ಕೆಟ್ಟಲ್ಲಿ ಮೂಟೆ ಇಳಿಸ್ತೀನಿ. ಹೆಂಡತಿ ಆಸ್ಟ್ರಿಯಾದಲ್ಲಿ ತೀರ್ಕೊಂಡ್ಲು." ಅಷ್ಟು ಹೇಳಿದ ಮೇಲೆ ನನ್ನನ್ನು ಕಂಡ. ಹಾಲ್‌ನಲ್ಲಿ ಕಣ್ಣಾಡಿಸಿ ಕೇಳಿದ, "ಮಿಯೊ ಬಂದಿಲ್ವಾ?"

"ಮಣ್ಣಲ್ಲಿದ್ದಾನೆ," ಎಂದೆ.

ಅವನು ಕೂತುಬಿಟ್ಟ. ಪಾವೊ ನಮ್ಮಿಬ್ಬರ ಮುಖ ನೋಡಿ ವಿಷಯ ಊಹಿಸಿಕೊಂಡ. "ನೆವೆಂಕಾ, ಉಗಿಯೋದಿದ್ರೆ ಉಗಿದುಬಿಡು. ಇಡೀ ಸಂಜೆ ನಿಂದೇ. ಆಮೇಲೆ ಲೆಕ್ಕಕ್ಕೆ ಕೂರೋಣ" ಎಂದ. ವರ್ಷಗಟ್ಟಲೆ ಬಟ್ಟೆ ಒಗೆಯುತ್ತಾ ಸೇರಿಸಿಟ್ಟ ಬೈಗುಳ ನನ್ನ ಬಾಯಲ್ಲಿತ್ತು. ಒಂದೂ ಹೊರಗೆ ಬರಲಿಲ್ಲ. ನೀನು ಸತ್ತೆಯಲ್ಲ. ನಾನು ಟೇಬಲ್ಲಿಗೆ ಹಣೆಯಿಟ್ಟು ಅತ್ತೆ, ನಿನಗಾಗಿ.

ಪಾವೊನೇ ಮಾತು ಮುಗಿಸಿಕೊಟ್ಟ. ವಾರದ ಕೂಲಿಯಲ್ಲಿ ಒಂದು ಪಾಲನ್ನು ವಿಂಕೊ ಗುರುವಾರ ಎಲ್ಲರ ಎದುರು ಟೇಬಲ್ಲಿನ ಮೇಲಿಡಬೇಕು, ಸಾಲ ಅವನದೇ ಆದ್ದರಿಂದ ಅದು ನನ್ನ ಕಂತಿಗೆ ಸೇರಬೇಕು. ಅವನು ತಪ್ಪಿಸಿಲ್ಲ. ಜ್ವರ ಬಂದಾಗಲೂ ಬಂದು ಇಟ್ಟು ಹೋದ. ಇದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ.

ಈಗ ಸಂತರ ಹಬ್ಬಕ್ಕೆ ಬರುತ್ತೇನೆ. ಸ್ಮಶಾನದಿಂದ ಬಂದವಳು ಅದೇ ಸಂಜೆ ಅವನನ್ನು ಕೇಳಿದೆ. ಅವನು ಕುಂಬಳಕಾಯಿ ಹೆಚ್ಚುತ್ತಿದ್ದ. "ಯಾಗೊದಾ ಹೇಗೆ ಸತ್ಲು, ವಿಂಕೊ?" ಎಂದೆ. ಚಾಕು ಕೆಳಗಿಟ್ಟ. ಬೀಜಗಳನ್ನು ಒಂದು ಕಡೆ ಗುಡ್ಡೆ ಮಾಡಿದ.

"ಅವಳೇ ಹೇಳಿದ್ದು ಕುಮಾ. ಲಿಂಟ್ಸ್ ಸ್ಟೇಷನ್ನಲ್ಲಿ ಪೆಟ್ಟಿಗೆ ಇಳಿಸ್ಕೊಂಡು, 'ನಿನ್ನ ಪಾಲಿಗೆ ನಾನು ಸತ್ತೆ ಅಂತ ತಿಳ್ಕೊ' ಅಂದ್ಲು. ನಾನು ತಿಳ್ಕೊಂಡೆ."

"ಬಿಟ್ಟುಹೋದ್ಲು ಅಂತ ಹೇಳ್ಬಹುದಿತ್ತಲ್ಲ."

"ನಾಚಿಕೆ ಆಯ್ತು, ಸತ್ಲು ಅಂದೆ. ನೀನು ಅತ್ತುಬಿಟ್ಟೆ. ನೀನು ಅತ್ತ ಮೇಲೆ ಮಾತು ವಾಪಸ್ ತಗೊಳ್ಳೋಕೆ ಧೈರ್ಯ ಬರ್ಲಿಲ್ಲ."

ಕೂಟದಲ್ಲಿ ಅವನೇ ಬಾಯಿಬಿಟ್ಟು ಹೇಳಬೇಕು ಎಂದೆ. ಮುಂದಿನ ಗುರುವಾರ ಹೇಳಿದ. ಆಮೇಲೆ ಬಾರಾ ಕಾಫಿ ಕಪ್ಪನ್ನು ತಿರುಗಿಸುತ್ತಾ, "ನಾನು ನಮ್ಮಮ್ಮನ್ನ ಎರಡು ಸಲ ಸಾಯಿಸಿದ್ದೀನಿ" ಎಂದಳು. "ಕಂತು ಮುಂದಕ್ಕೆ ಹಾಕ್ಲಿ ಅಂತ, ಬ್ಯಾಂಕಿನವರ ಹತ್ರ ಫೋನಲ್ಲಿ. ಅಮ್ಮ ಪಕ್ಕದಲ್ಲೇ ಕೂತು ಬಟಾಣಿ ಸುಲೀತಿದ್ಲು, ಎಲ್ಲಾ ಕೇಳಿಸ್ಕೊಂಡು. ಈಸ್ಟರ್ ಹೊತ್ತಿಗೆ ನಿಜವಾಗ್ಲೂ ಹೋದ್ಲು. ಫೋನಿನ ಹುಡುಗಿ, 'ಮತ್ತೇನಾ ಮೇಡಂ?' ಅಂದ್ಲು."

ಪಾವೊ ತನ್ನನ್ನೇ ಸಾಯಿಸಿಕೊಂಡಿದ್ದನಂತೆ. ದನ ಕೊಡುತ್ತಿದ್ದ ವ್ಯಾಪಾರಿ ಫೋನ್ ಮಾಡಿದಾಗ ತಾನು ಪಾವೊನ ತಮ್ಮ ಎಂದು ಹೇಳಿ, ಅಣ್ಣ ತೀರಿಕೊಂಡ ಎಂದನಂತೆ. "ಆ ಪುಣ್ಯಾತ್ಮ ಅತ್ತ ಕಣ್ರೀ. ಒಳ್ಳೇ ಮನುಷ್ಯ ಇದ್ದ ಅಂದ. ಹೌದು ಸ್ವಾಮಿ, ಇದ್ದ ಅಂದೆ." ಇದಕ್ಕೆ ಎಲ್ಲರೂ ನಕ್ಕರು. ನಗು ತಾನಾಗಿಯೇ ಕಡಿದುಹೋಯಿತು. ಮೂಲೆಯಲ್ಲಿದ್ದ ಒಬ್ಬಾಕೆ, ತನಗೆ ಮಗನೇ ಇಲ್ಲ ಎಂದು ವಸೂಲಿಯವರಿಗೆ ಹೇಳಿದ್ದನ್ನು ಮಗ ಕೇಳಿಸಿಕೊಂಡ, ಅವತ್ತಿನಿಂದ ಮನೆಗೆ ಬಂದಿಲ್ಲ, ಎಂದಳು. ಅವರು ಹೇಳುತ್ತಾ ಹೋದಂತೆ, ಆ ಹಾಲ್‌ನಲ್ಲಿ ಕುರ್ಚಿಗಳಿಗಿಂತ ಹೆಚ್ಚು ಜನ ಕೂತಿದ್ದಾರೆ ಎನ್ನಿಸಿತು ನನಗೆ. ಕೊನೆಗೆ ಪಾವೊ, "ಸುಳ್ಳು ಬೇರೆ, ಕಂತು ಬೇರೆ. ಕಂತು ನಿಲ್ಲೋ ಹಾಗಿಲ್ಲ" ಎಂದ. ವಿಂಕೊ ಜೇಬಿಗೆ ಕೈಹಾಕಿ ಆ ವಾರದ ಪಾಲನ್ನು ತೆಗೆದಿಟ್ಟ.

ನಿನ್ನಿಂದ ನನಗೆ ಹಣ ಬೇಡ. ಆದರೆ ಆ ಸಾಲದಲ್ಲಿ ನಿನ್ನ ಹೆಸರೂ ಇದೆ. ಅದಕ್ಕೆ ಹೆದರಿಯೇ ಅಮ್ಮನ ಮಣ್ಣಿಗೂ ನೀನು ಬರಲಿಲ್ಲ, ಗಡಿಯಲ್ಲಿ ಹಿಡಿಯುತ್ತಾರೆ ಎಂದುಕೊಂಡಿದ್ದೆ, ಎಂದು ಕಾತಾ ಹೇಳಿದರು. ಯಾರೂ ಹಿಡಿಯುವುದಿಲ್ಲ, ಯಾಗೊದಾ. ಸಾಲಕ್ಕೆ ಜೈಲಿಲ್ಲ. ಲಾಯರಮ್ಮನನ್ನು ಕೇಳಿ, ಎರಡೆರಡು ಸಲ ಕೇಳಿ ಬರೆಯುತ್ತಿದ್ದೇನೆ. ನಿನ್ನ ಪಾಲಿಗೂ ಒಂದು ಕಂತು ಗೊತ್ತುಮಾಡಿಸಬಹುದಂತೆ, ಅಲ್ಲಿಂದಲೇ ಕಟ್ಟಬಹುದಂತೆ. ಬ್ಯಾಂಕಿಗೆ ಹೋಗುವ ದಿನ ನಿನ್ನ ಪಕ್ಕದ ಕುರ್ಚಿಯಲ್ಲಿ ನಾನು ಕೂರುತ್ತೇನೆ. ನಿನ್ನ ಅಮ್ಮನ ಗೋರಿ ಚೆನ್ನಾಗಿದೆ. ಸೇವಂತಿಗೆ ಬಿಳಿಯದೇ ಇಟ್ಟಿದ್ದಾರೆ.

ಸತ್ತೆಯೆಂದು ತಿಳಿದು ನಿನ್ನನ್ನು ಕ್ಷಮಿಸಿಬಿಟ್ಟಿದ್ದೆ. ಅದು ಸುಲಭವಾಗಿತ್ತು. ಬದುಕಿರುವ ನಿನ್ನನ್ನು ಕ್ಷಮಿಸುವ ಕೆಲಸ ಮತ್ತೆ ಮೊದಲಿಂದ ಶುರುವಾಗಬೇಕು. ಅದಕ್ಕೆ ನೀನು ಎದುರಿಗೆ ಬೇಕು. ಬಾ.

ಇಂತಿ ನಿನಗಾಗಿ ಎರಡು ವರ್ಷ ಅತ್ತವಳು,
ನಿನ್ನ ಕುಮಾ
ನೆವೆಂಕಾ

ಮತ್ತೊಂದು ಮಾತು: ಉತ್ತರವನ್ನು ಬಾರಾಳ ವಿಳಾಸಕ್ಕೆ ಬರೆ, ಲಕೋಟೆಯ ಹಿಂದೆ ಅದನ್ನೇ ಹಾಕಿದ್ದೇನೆ. ನಮ್ಮ ಮನೆಗೆ ಬೇಡ. ಮನೆಗೆ ಬರುವ ಟಪಾಲು ತೆಗೆದುಕೊಳ್ಳುವವನು ವಿಂಕೊ. ಏಪ್ರಿಲ್‌ನಿಂದ ಅವನು ನಮ್ಮ ಕೆಳಗಿನ ಕೋಣೆಯಲ್ಲಿದ್ದಾನೆ. ಬಾಡಿಗೆ ಕೊಡುತ್ತಾನೆ, ಅದೂ ಕಂತಿಗೇ ಹೋಗುತ್ತದೆ. ಕೂಟದವರಿಗೆ ಗೊತ್ತಿರುವುದು ಇಷ್ಟೇ. ನೀನಿಲ್ಲವೆಂದು ನಂಬಿಯೇ ನಾನು ಅವನಿಗೆ ಜಾಗ ಕೊಟ್ಟದ್ದು. ಈಗ ನೀನಿದ್ದೀಯೆಂದು ತಿಳಿದೂ ಹೋಗು ಎನ್ನಲು ನನ್ನಿಂದ ಆಗುತ್ತಿಲ್ಲ. ಬರುವುದಾದರೆ ಮೊದಲೇ ತಿಳಿಸು.